ಸಾನ್ ಫ್ರಾನ್ಸಿಸ್ಕೊದ ಹಳೆಯ ಟ್ರಾಮುಗಳು: ತಪ್ಪು ಕಲ್ಪನೆ ಮತ್ತು ವಾಸ್ತವ

ಮಗನೋ ಮಗಳೋ ಫ್ರೀಮಾಂಟಿನಲ್ಲೋ ಸನ್ನಿವೇಲಿನಲ್ಲೋ ನೆಲೆಸಿದ್ದರೆ, ಬೇಸಿಗೆಯಲ್ಲಿ ಅಲ್ಲಿಗೆ ಹೋಗಿಬರುವ ನಮ್ಮ ಕಡೆಯ ಅಪ್ಪ ಅಮ್ಮಂದಿರ ಪ್ರವಾಸದಲ್ಲಿ ಸಾನ್ ಫ್ರಾನ್ಸಿಸ್ಕೊಗೆ ಒಂದು ದಿನ ಇದ್ದೇ ಇರುತ್ತದೆ. ಗೋಲ್ಡನ್ ಗೇಟ್ ಸೇತುವೆ ಆಯಿತು, ಪಿಯರ್ 39ರ ಕಡಲಸಿಂಹಗಳು ಆಯಿತು, ಆಮೇಲೆ ಹಸಿರು, ಕಿತ್ತಳೆ, ಹಳದಿ ಬಣ್ಣದ ಹಳೆಯ ಟ್ರಾಮಿನ ಮುಂದೆ ನಿಂತು ಒಂದು ಫೋಟೊ. ಊರಿಗೆ ಮರಳಿದ ಮೇಲೆ ಆ ಫೋಟೊ ತೋರಿಸಿ ಹೇಳುವ ಮಾತುಗಳಲ್ಲಿ ಬಹುಪಾಲು ನಿಜವಲ್ಲ. ಅದು ಅವರ ತಪ್ಪೂ ಅಲ್ಲ. ಗೈಡುಗಳು, ಪ್ರವಾಸಿ ಪುಸ್ತಕಗಳು, ಕೆಲವೊಮ್ಮೆ ಅಲ್ಲಿಯೇ ವರ್ಷಗಟ್ಟಲೆ ಇದ್ದವರೂ ಅದನ್ನೇ ಹೇಳುತ್ತಾರೆ.

ಆ ಗಾಡಿಗಳು ಓಡುವುದು ಎಫ್ ಲೈನ್ ಎಂಬ ಮಾರ್ಗದಲ್ಲಿ. ಕ್ಯಾಸ್ಟ್ರೊ ಬಡಾವಣೆಯಿಂದ ಹೊರಟು, ಊರಿನ ಹೆದ್ದಾರಿಯಂತಿರುವ ಮಾರ್ಕೆಟ್ ಸ್ಟ್ರೀಟಿನ ಉದ್ದಕ್ಕೂ ಸಾಗಿ, ಫೆರ್ರಿ ಬಿಲ್ಡಿಂಗ್ ಬಳಿ ಕಡಲಂಚಿಗೆ ತಿರುಗಿ, ಫಿಶರ್ಮನ್ಸ್ ವಾರ್ಫ್ ತಲುಪುವ ಸುಮಾರು 10 ಕಿ.ಮೀ. ದಾರಿ ಅದು. ಆ ಗಾಡಿಗಳ ನಿಜವಾದ ಚರಿತ್ರೆ ಅವುಗಳ ಬಗ್ಗೆ ಹಬ್ಬಿರುವ ಕತೆಗಳಿಗಿಂತ ಎಷ್ಟೋ ದೊಡ್ಡದು ಎಂಬುದು ನನ್ನ ನಂಬಿಕೆ. ಹಾಗಾಗಿ ಒಂದೊಂದನ್ನೇ ಎತ್ತಿಕೊಂಡು ನೋಡೋಣ.

ತಪ್ಪು ಕಲ್ಪನೆ: ಕೇಬಲ್ ಕಾರ್ ಮತ್ತು ಟ್ರಾಮ್ ಎರಡೂ ಒಂದೇ.

ವಾಸ್ತವ: ಎರಡೂ ಹಳಿಯ ಮೇಲೆ ಓಡುತ್ತವೆ ಎಂಬುದನ್ನು ಬಿಟ್ಟರೆ ಅವುಗಳ ನಡುವೆ ನೆಂಟಸ್ತಿಕೆ ಕಡಿಮೆ. ಪೊವೆಲ್ ಸ್ಟ್ರೀಟಿನ ಕೊನೆಯಲ್ಲಿ ಸಿಬ್ಬಂದಿ ಕೈಯಿಂದ ತಳ್ಳಿ ತಿರುಗಿಸುವ, ಜನ ಪಕ್ಕದ ಕಂಬಿ ಹಿಡಿದು ನೇತಾಡುವ ಗಾಡಿಯೇ ಕೇಬಲ್ ಕಾರ್. ಅದರೊಳಗೆ ಮೋಟಾರೇ ಇಲ್ಲ. ವಾಷಿಂಗ್ಟನ್ ಮತ್ತು ಮೇಸನ್ ರಸ್ತೆಗಳು ಕೂಡುವ ಕಡೆ ಒಂದು ಪವರ್‌ಹೌಸ್ ಇದೆ. ಅಲ್ಲಿನ ದೊಡ್ಡ ಚಕ್ರಗಳು ಉಕ್ಕಿನ ಹಗ್ಗವನ್ನು ಎಡೆಬಿಡದೆ ಎಳೆಯುತ್ತಿರುತ್ತವೆ. ಆ ಹಗ್ಗ ರಸ್ತೆಯ ಅಡಿಯ ಕಾಲುವೆಯಲ್ಲಿ ಗಂಟೆಗೆ ಸುಮಾರು 15 ಕಿ.ಮೀ. ವೇಗದಲ್ಲಿ ಹರಿಯುತ್ತದೆ. ಗಾಡಿಯಲ್ಲಿ ನಿಂತ ಗ್ರಿಪ್‌ಮನ್ ಉದ್ದನೆಯ ಲಿವರ್ ಎಳೆದರೆ ಇಕ್ಕಳದಂಥ ಹಿಡಿ ಹಗ್ಗವನ್ನು ಕಚ್ಚಿಕೊಂಡು ಗಾಡಿ ಹೊರಡುತ್ತದೆ. ಹಿಡಿ ಬಿಟ್ಟು ಬ್ರೇಕ್ ಹಾಕಿದರೆ ನಿಲ್ಲುತ್ತದೆ. ಹಳಿಯನ್ನು ಒತ್ತುವ ಆ ಬ್ರೇಕಿನಲ್ಲಿ ಇವತ್ತಿಗೂ ಮರದ ದಿಮ್ಮಿಗಳಿವೆ. ಕೆಲವೇ ದಿನಗಳಲ್ಲಿ ಅವು ಸವೆದುಹೋಗುತ್ತವೆ, ಮತ್ತೆ ಹೊಸ ದಿಮ್ಮಿ ಹಾಕಬೇಕು. ಆಂಡ್ರೂ ಹ್ಯಾಲಿಡಿ ಎಂಬವರು 1873ರ ಆಗಸ್ಟಿನಲ್ಲಿ ಕ್ಲೇ ಸ್ಟ್ರೀಟಿನ ಏರಿನಲ್ಲಿ ಇದನ್ನು ಮೊದಲು ಓಡಿಸಿ ತೋರಿಸಿದರು.

ಟ್ರಾಮು ಹಾಗಲ್ಲ. ತಲೆಯ ಮೇಲಿನ ತಂತಿಯಿಂದ ವಿದ್ಯುತ್ ಎಳೆದುಕೊಂಡು, ನೆಲಹಾಸಿನ ಕೆಳಗಿನ ತನ್ನದೇ ಮೋಟಾರುಗಳ ಬಲದಿಂದ ಓಡುವ ಗಾಡಿ ಅದು. ಫ್ರಾಂಕ್ ಸ್ಪ್ರೇಗ್ 1888ರಲ್ಲಿ ವರ್ಜೀನಿಯಾದ ರಿಚ್ಮಂಡ್ ನಗರದಲ್ಲಿ ವಿದ್ಯುತ್ ಟ್ರಾಮಿನ ದೊಡ್ಡ ಜಾಲವನ್ನು ಯಶಸ್ವಿಯಾಗಿ ನಡೆಸಿ ತೋರಿಸಿದ ಮೇಲೆ ಜಗತ್ತೆಲ್ಲ ಅತ್ತ ತಿರುಗಿತು. ಸಾನ್ ಫ್ರಾನ್ಸಿಸ್ಕೊಗೆ ಅದು 1892ರಲ್ಲಿ ಬಂತು. 1906ರ ಭೂಕಂಪ ಮತ್ತು ಬೆಂಕಿಯಲ್ಲಿ ಕೇಬಲ್ ಮಾರ್ಗಗಳು ಹಾಳಾದಾಗ ಮಾರ್ಕೆಟ್ ಸ್ಟ್ರೀಟಿನ ಮೇಲೂ ತಂತಿ ಎಳೆದು ಟ್ರಾಮ್ ಓಡಿಸಲು ಅಲ್ಲಿಯ ಖಾಸಗಿ ಟ್ರಾಮ್ ಕಂಪನಿಗೆ ಅವಕಾಶ ಸಿಕ್ಕಿತು.

ಉಕ್ಕಿನ ಗಾಲಿ ಉಕ್ಕಿನ ಹಳಿಯ ಮೇಲೆ ಕಡಿದಾದ ಏರಿನಲ್ಲಿ ಜಾರುತ್ತದೆ. ತೀರಾ ಕಡಿದಾದ ರಸ್ತೆಗಳಲ್ಲಿ ಕೇಬಲ್ ಉಳಿದದ್ದು ಆ ಕಾರಣಕ್ಕೇ. ಆದರೂ ಫಿಲ್ಮೋರ್ ಸ್ಟ್ರೀಟಿನಲ್ಲಿ ಒಂದು ಜಾಣ ಉಪಾಯ ಮಾಡಿದ್ದರು. ಇಳಿಯುವ ಟ್ರಾಮನ್ನೂ ಏರುವ ಟ್ರಾಮನ್ನೂ ನೆಲದಡಿಯ ಒಂದೇ ಹಗ್ಗಕ್ಕೆ ಕಟ್ಟಿ, ಬಾವಿಯ ರಾಟೆಗೆ ಎರಡು ಕೊಡ ಕಟ್ಟಿದಂತೆ, ಒಂದರ ಭಾರದಿಂದ ಇನ್ನೊಂದನ್ನು ಮೇಲೆಳೆಯುತ್ತಿದ್ದರು. 1941ರವರೆಗೂ ಅದು ನಡೆಯಿತು.

ಈ ಗೊಂದಲದಿಂದ ಟ್ರಾಮಿಗೇ ಹೆಚ್ಚು ಅನ್ಯಾಯವಾಗಿದೆ ಅನಿಸುತ್ತದೆ. 1947ರಲ್ಲಿ ಮೇಯರ್ ರೋಜರ್ ಲ್ಯಾಫಮ್ ಪೊವೆಲ್ ಕೇಬಲ್ ಮಾರ್ಗಗಳನ್ನು ಕಿತ್ತುಹಾಕಲು ಹೊರಟಾಗ ಫ್ರೀಡಲ್ ಕ್ಲುಸ್ಮನ್ ಎಂಬ ಮಹಿಳೆ ಊರಿನ ಹೆಂಗಸರ ಸಂಘಗಳನ್ನೆಲ್ಲ ಒಟ್ಟುಗೂಡಿಸಿ, ಆ ವರ್ಷದ ಮತದಾನದಲ್ಲಿ ಗೆದ್ದು ಕೇಬಲ್ ಕಾರ್ ಉಳಿಸಿದರು. ಅದು ಎಲ್ಲರಿಗೂ ಗೊತ್ತಿರುವ ಕತೆ. ಅದೇ ವರ್ಷಗಳಲ್ಲಿ ಟ್ರಾಮ್ ಮಾರ್ಗಗಳು ಒಂದರ ಹಿಂದೊಂದು ಮುಚ್ಚುತ್ತಿದ್ದವು. ಅವುಗಳ ಪರವಾಗಿ ಅಂಥ ದೊಡ್ಡ ದನಿ ಏಳಲೇ ಇಲ್ಲ.

ತಪ್ಪು ಕಲ್ಪನೆ: ಈ ಟ್ರಾಮುಗಳೆಲ್ಲ ಸಾನ್ ಫ್ರಾನ್ಸಿಸ್ಕೊದವೇ. ಅಂದಿನಿಂದ ಇಂದಿನವರೆಗೂ ಅಲ್ಲೇ ಓಡುತ್ತಿವೆ.

ವಾಸ್ತವ: ಊರಿನದೇ ಆದ ಗಾಡಿಗಳು ಇವೆ. 1912ರ ಡಿಸೆಂಬರ್ 28ರಂದು ಗೀರಿ ಸ್ಟ್ರೀಟಿನಲ್ಲಿ ಮ್ಯೂನಿ, ಅಂದರೆ ನಗರಾಡಳಿತದ ಸ್ವಂತ ಸಾರಿಗೆ ಸಂಸ್ಥೆ, ಮೊದಲ ಗಾಡಿ ಬಿಟ್ಟಿತು. ಅದರ ನಂಬರೂ 1. ಮೇಯರ್ ಜೇಮ್ಸ್ ರಾಲ್ಫ್ ಅವರೇ ಅದನ್ನು ನಡೆಸಿದರು. ಅಮೆರಿಕದ ದೊಡ್ಡ ನಗರವೊಂದು ಜನರ ಹಣದಿಂದ ತನ್ನದೇ ಸಾರಿಗೆ ನಡೆಸಲು ತೊಡಗಿದ್ದು ಅದೇ ಮೊದಲು. ಆ ಒಂದನೇ ನಂಬರಿನ ಗಾಡಿ ಇವತ್ತೂ ಓಡುವ ಸ್ಥಿತಿಯಲ್ಲಿದೆ. 1914ರ ಎರಡು ಗಾಡಿಗಳಿವೆ, 130 ಮತ್ತು 162. ಇನ್ನೂ ಹಿಂದಿನದು 578, 1896ರಲ್ಲಿ ಕಟ್ಟಿದ ಪುಟ್ಟ ಗಾಡಿ.

ಆದರೆ ದಿನನಿತ್ಯದ ಸೇವೆಯಲ್ಲಿ ಕಾಣುವವು ಹೆಚ್ಚಾಗಿ ಬೇರೆ ಊರಿನವು. 1995ರಲ್ಲಿ ಎಫ್ ಲೈನ್ ಶುರುವಾದಾಗ ತಂದ 17 ಗಾಡಿಗಳಲ್ಲಿ 14 ಫಿಲಡೆಲ್ಫಿಯಾದಲ್ಲಿ ದುಡಿದು ನಿವೃತ್ತವಾಗಿದ್ದವು. ಮಿಕ್ಕ ಮೂರು ಮಾತ್ರ ಸಾನ್ ಫ್ರಾನ್ಸಿಸ್ಕೊದ್ದೇ, 1948ರಲ್ಲಿ ಕೊಂಡ, ಎರಡೂ ತುದಿಯಿಂದ ಓಡಿಸಬಹುದಾದ ಗಾಡಿಗಳು.

ಇನ್ನು ಬಣ್ಣಗಳ ವಿಷಯ. ಒಂದು ಗಾಡಿಯ ಮೇಲೆ ಲಾಸ್ ಏಂಜಲಿಸ್ ಬಣ್ಣ, ಇನ್ನೊಂದರ ಮೇಲೆ ಷಿಕಾಗೊ, ಮತ್ತೊಂದರ ಮೇಲೆ ಬಾಸ್ಟನ್, ಬ್ರೂಕ್ಲಿನ್, ಬಾಲ್ಟಿಮೋರ್. ನೋಡಿದವರು ಆ ಗಾಡಿ ಆ ಊರಿಂದಲೇ ಬಂದದ್ದೆಂದು ತಿಳಿಯುತ್ತಾರೆ. ಹಾಗಲ್ಲ. ಇದೇ ಮಾದರಿಯ ಗಾಡಿಗಳನ್ನು ಒಂದು ಕಾಲದಲ್ಲಿ ಓಡಿಸಿದ ಊರುಗಳಿಗೆ ಸಲ್ಲಿಸಿದ ಗೌರವ ಅದು. ಷಿಕಾಗೊ ಬಣ್ಣದ ಗಾಡಿ ಷಿಕಾಗೊವನ್ನು ಎಂದೂ ಕಂಡದ್ದಲ್ಲ. ಹಾರ್ವೆ ಮಿಲ್ಕ್ ಅವರ ನೆನಪಿಗೆ ಅರ್ಪಿಸಿದ ಗಾಡಿಯೂ ಒಂದಿದೆ. 1978ರಲ್ಲಿ ಕೊಲೆಯಾದ ಆ ನಗರಸಭಾ ಸದಸ್ಯರ ಬಡಾವಣೆಯಾದ ಕ್ಯಾಸ್ಟ್ರೊವೇ ಈ ಮಾರ್ಗದ ಒಂದು ಕೊನೆ.

ತನ್ನ ತವರಿನ ಬಣ್ಣವನ್ನೇ ಹೊತ್ತ ಗಾಡಿಯೂ ಇಲ್ಲದಿಲ್ಲ. 2004ರಲ್ಲಿ ನ್ಯೂಜೆರ್ಸಿಯ ನೆವಾರ್ಕ್‌ನಿಂದ 11 ಗಾಡಿಗಳನ್ನು ಕೊಂಡರು. ಅವು ನೆವಾರ್ಕಿನ ಸ್ವಂತದ್ದೇನೂ ಅಲ್ಲ. 1946–47ರಲ್ಲಿ ಮಿನಿಯಾಪೊಲಿಸ್, ಸೇಂಟ್ ಪಾಲ್ ಅವಳಿ ನಗರಗಳಿಗಾಗಿ ಕಟ್ಟಿದವು. ಅಲ್ಲಿ 1954ರಲ್ಲಿ ಟ್ರಾಮ್ ನಿಂತಾಗ ಇನ್ನೂ ಎಳೆಯ ವಯಸ್ಸಿನ ಆ ಗಾಡಿಗಳನ್ನು ಮಾರಿದರು. ನೆವಾರ್ಕಿನಲ್ಲಿ ಅವು 2001ರವರೆಗೆ ದುಡಿದವು. ಮೂರನೆಯ ಊರಿನಲ್ಲಿ ಈಗ ಮೂರನೆಯ ಬದುಕು. ಅವುಗಳಲ್ಲೊಂದು ಮಿನಿಯಾಪೊಲಿಸ್‌ನ ಹಳದಿ ಬಣ್ಣ ಬಳಿದುಕೊಂಡೇ ಓಡುತ್ತದೆ.

ಎಲ್ಲಕ್ಕಿಂತ ನನಗೆ ಪ್ರೀತಿಯವು ಮಿಲಾನಿನ ಗಾಡಿಗಳು. 1928ರ ಹತ್ತು ಗಾಡಿಗಳನ್ನು 1998ರಲ್ಲಿ ಇಟಲಿಯಿಂದ ತರಿಸಿದರು. ಒಳಗೆ ಮರದ ಉದ್ದನೆಯ ಬೆಂಚು, ಹಿತ್ತಾಳೆಯ ಹಿಡಿಗಳು, ಇಟಾಲಿಯನ್ ಭಾಷೆಯ ಸೂಚನೆಗಳು. ನೋಡಿದವರೆಲ್ಲ ಯುರೋಪಿನ ಕೈಚಳಕ ಎನ್ನುತ್ತಾರೆ. ವಿನ್ಯಾಸ ಮಾತ್ರ ಅಮೆರಿಕದ್ದು. ಕ್ಲೀವ್‌ಲ್ಯಾಂಡ್ ನಗರದ ಟ್ರಾಮ್ ಕಮಿಷನರ್ ಆಗಿದ್ದ ಪೀಟರ್ ವಿಟ್ ಮೊದಲ ಮಹಾಯುದ್ಧದ ಹೊತ್ತಿಗೆ ರೂಪಿಸಿದ್ದು. ಟಿಕೆಟಿಗಾಗಿ ಬಾಗಿಲಲ್ಲೇ ಜನ ಸಾಲು ನಿಂತು ಗಾಡಿ ತಡವಾಗುವುದನ್ನು ನೋಡಿ ಅವರು ಒಂದು ಸರಳ ದಾರಿ ಹುಡುಕಿದರು. ಎಲ್ಲರೂ ಮುಂದಿನ ಬಾಗಿಲಿನಿಂದ ದುಡ್ಡು ಕೊಡದೆಯೇ ಹತ್ತಿಬಿಡಬೇಕು. ಕಂಡಕ್ಟರ್ ನಡುಬಾಗಿಲ ಬಳಿ ಕೂತಿರುತ್ತಾರೆ. ಅವರನ್ನು ದಾಟಿ ಹಿಂದಕ್ಕೆ ಹೋಗುವಾಗಲೋ ಇಳಿಯುವಾಗಲೋ ದುಡ್ಡು ಕೊಟ್ಟರಾಯಿತು. ನಿಲ್ದಾಣದಲ್ಲಿ ಗಾಡಿ ಕಾಯಬೇಕಾಗಿಲ್ಲ. ಮಿಲಾನ್ ಈ ಮಾದರಿಯಲ್ಲಿ 502 ಗಾಡಿ ಕಟ್ಟಿಸಿತು. ಅವುಗಳಲ್ಲಿ ನೂರಕ್ಕೂ ಹೆಚ್ಚು ಇವತ್ತಿಗೂ ಆ ಊರಿನ ಬೀದಿಗಳಲ್ಲಿ ಆಫೀಸಿಗೆ, ಶಾಲೆಗೆ ಹೋಗುವವರನ್ನು ಹೊತ್ತು ಓಡುತ್ತಿವೆ. ಅಮೆರಿಕ ಮರೆತ ವಿನ್ಯಾಸವನ್ನು ಎಪ್ಪತ್ತು ವರ್ಷ ಕಾಪಾಡಿ ಅಮೆರಿಕಕ್ಕೇ ಕೊಟ್ಟದ್ದು ಮಿಲಾನ್.

ಇವಲ್ಲದೆ ಮೆಲ್ಬರ್ನ್, ಪೋರ್ಟೊ, ಒಸಾಕಾ, ಕೋಬೆ, ರಷ್ಯಾ, ನ್ಯೂ ಓರ್ಲಿಯನ್ಸ್ ಗಾಡಿಗಳೂ ಶೆಡ್ಡಿನಲ್ಲಿವೆ. ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್‌ನಿಂದ ಬಂದ 1934ರ ದೋಣಿ ಟ್ರಾಮಿಗೆ ಚಾವಣಿಯೇ ಇಲ್ಲ. ಬಿಸಿಲು ಚೆನ್ನಾಗಿರುವ ಕೆಲವು ದಿನ ಮಾತ್ರ ಅದು ಹೊರಗೆ ಬರುತ್ತದೆ.

ತಪ್ಪು ಕಲ್ಪನೆ: ಜನರಲ್ ಮೋಟಾರ್ಸ್ ಸಂಚು ಮಾಡಿ ಇಲ್ಲಿಯ ಟ್ರಾಮುಗಳನ್ನು ಕೊಂದಿತು.

ವಾಸ್ತವ: ಈ ಕತೆಗೆ ಬುಡವೇ ಇಲ್ಲ ಎನ್ನುವಂತಿಲ್ಲ. ನ್ಯಾಷನಲ್ ಸಿಟಿ ಲೈನ್ಸ್ ಎಂಬ ಕಂಪನಿ ಅಮೆರಿಕದ ಹಲವು ಊರುಗಳ ಟ್ರಾಮ್ ಸಂಸ್ಥೆಗಳನ್ನು ಕೊಂಡು ಬಸ್ಸಿಗೆ ಬದಲಿಸಿತು. ಅದರ ಹಿಂದೆ ಜನರಲ್ ಮೋಟಾರ್ಸ್, ಟೈರ್ ಕಂಪನಿ, ತೈಲ ಕಂಪನಿಗಳ ಹಣವಿತ್ತು. 1949ರಲ್ಲಿ ಷಿಕಾಗೊದ ನ್ಯಾಯಾಲಯದಲ್ಲಿ ಅವು ತಪ್ಪಿತಸ್ಥ ಎಂದು ತೀರ್ಪೂ ಬಂತು. ಆದರೆ ಸಾಬೀತಾದ ಆರೋಪ ಆ ಸಂಸ್ಥೆಗಳಿಗೆ ಬಸ್ಸು, ಟೈರು, ಇಂಧನ ಮಾರುವುದರಲ್ಲಿ ಏಕಸ್ವಾಮ್ಯಕ್ಕೆ ಸಂಚು ಮಾಡಿದ್ದು. ನಗರ ಸಾರಿಗೆಯನ್ನೇ ಕೈವಶ ಮಾಡಿಕೊಳ್ಳುವ ಸಂಚಿನ ಆರೋಪದಿಂದ ಅವು ಬಿಡುಗಡೆ ಹೊಂದಿದವು. ಕೊಲ್ಲಿಯ ಆಚೆ ದಡದ ಓಕ್‌ಲ್ಯಾಂಡ್‌ನಲ್ಲಿದ್ದ ಕೀ ಸಿಸ್ಟಮ್ ಕೂಡ ಈ ಕಂಪನಿಯ ಕೈಗೆ ಹೋಗಿತ್ತು. ಬಹುಶಃ ಅಲ್ಲಿಯ ಕತೆ ನೀರು ದಾಟಿ ಈಚೆಗೂ ಬಂದಿದೆ.

ಸಾನ್ ಫ್ರಾನ್ಸಿಸ್ಕೊದಲ್ಲಿ ಟ್ರಾಮುಗಳ ಮಾಲೀಕರು ಊರಿನ ಜನರೇ. ಖಾಸಗಿಯಾಗಿ ಉಳಿದಿದ್ದ ಮಾರ್ಕೆಟ್ ಸ್ಟ್ರೀಟ್ ರೈಲ್ವೆ ಕಂಪನಿಯನ್ನೂ 1944ರಲ್ಲಿ ನಗರವೇ 75 ಲಕ್ಷ ಡಾಲರಿಗೆ ಕೊಂಡಿತ್ತು. ಅದರೊಂದಿಗೆ ಬಂದದ್ದು ಯುದ್ಧಕಾಲದ ಜನಜಂಗುಳಿಯಲ್ಲಿ ಸವೆದ ಹಳಿ ಮತ್ತು ಹಣ್ಣಾದ ಗಾಡಿಗಳು. ಅದಕ್ಕಿಂತ ಹೆಚ್ಚು ಭಾರವಾದದ್ದು ಒಂದು ಕಾನೂನು. ಒಬ್ಬರೇ ನಡೆಸುವ ಟ್ರಾಮುಗಳನ್ನು ಖಾಸಗಿ ಕಂಪನಿ ತಂದಾಗ ಕೆಲಸ ಕಳೆದುಕೊಳ್ಳುವ ಭಯದಿಂದ ಕಾರ್ಮಿಕರು ವಿರೋಧಿಸಿದ್ದರು. 1930ರ ದಶಕದಲ್ಲಿ ಪ್ರತಿ ಟ್ರಾಮಿಗೂ ಇಬ್ಬರು ಸಿಬ್ಬಂದಿ ಕಡ್ಡಾಯ ಎಂದಾಯಿತು. ಬಸ್ಸಿಗೆ ಒಬ್ಬರು ಸಾಕು. ಲೆಕ್ಕ ಇಡುವವರ ಮುಂದೆ ಈ ಎರಡು ಅಂಕಿಗಳನ್ನು ಇಟ್ಟರೆ ಯಾವುದು ಉಳಿಯುತ್ತದೆ ಎಂದು ಹೇಳಬೇಕಾಗಿಲ್ಲ. ಆ ನಿಯಮ ಸಡಿಲವಾದದ್ದು 1954ರಲ್ಲಿ. ಅಷ್ಟರಲ್ಲಿ ಹೆಚ್ಚಿನ ಮಾರ್ಗಗಳು ಹೋಗಿಯಾಗಿತ್ತು.

ಆ ಕಂಡಕ್ಟರ್ ಹುದ್ದೆಯನ್ನು ಬರೀ ಖರ್ಚಿನ ಬಾಬತ್ತು ಎಂದು ನೋಡಲು ನನಗೆ ಮನಸ್ಸಾಗುವುದಿಲ್ಲ. ಯುದ್ಧದ ವರ್ಷಗಳಲ್ಲಿ ಗಂಡಸರು ಸೈನ್ಯಕ್ಕೆ ಹೋದಾಗ ಹೆಂಗಸರು ಆ ಕೆಲಸಕ್ಕೆ ಬಂದರು. ಅವರಲ್ಲಿ ಹದಿಹರೆಯದ ಮಾಯಾ ಏಂಜೆಲೊ ಕೂಡ ಒಬ್ಬರು. ಕಪ್ಪು ಹುಡುಗಿಗೆ ಅರ್ಜಿ ನಮೂನೆಯನ್ನೇ ಕೊಡಲು ಒಪ್ಪದ ಕಚೇರಿಗೆ ದಿನ ಬಿಡದೆ ಹೋಗಿ ಕೂತು, ಕೊನೆಗೂ ಕೆಲಸ ಪಡೆದದ್ದನ್ನು ಮುಂದೆ ಅವರು ತಮ್ಮ ಆತ್ಮಕಥೆಯಲ್ಲಿ ಬರೆದರು. ಸಾನ್ ಫ್ರಾನ್ಸಿಸ್ಕೊದ ಟ್ರಾಮುಗಳ ಮೊದಲ ಕಪ್ಪು ಮಹಿಳಾ ಕಂಡಕ್ಟರ್ ಎಂದೇ ಅವರನ್ನು ಗುರುತಿಸಲಾಗುತ್ತದೆ.

ಕೊನೆಗೆ ಉಳಿದದ್ದು ಜೆ, ಕೆ, ಎಲ್, ಎಂ, ಎನ್ ಎಂಬ ಐದು ಮಾರ್ಗಗಳು. ಅವು ಉಳಿದದ್ದಕ್ಕೆ ಕಾರಣ ಪ್ರೀತಿಯಲ್ಲ, ಸುರಂಗ. ಬೆಟ್ಟ ಕೊರೆದು 1918ರಲ್ಲಿ ತೆರೆದ ಟ್ವಿನ್ ಪೀಕ್ಸ್ ಸುರಂಗ, 1928ರ ಸನ್‌ಸೆಟ್ ಸುರಂಗ ಇವೆರಡೂ ಟ್ರಾಮಿಗೆಂದೇ ಮಾಡಿದ್ದು. ಅಲ್ಲಿ ಬಸ್ ಓಡಿಸುವುದು ಸುಲಭವಿರಲಿಲ್ಲ. ಜೆ ಮಾರ್ಗಕ್ಕೂ ರಸ್ತೆಯಿಂದ ಬೇರೆಯಾದ ಸ್ವಂತ ಹಳಿದಾರಿ ಇತ್ತು.

ತಪ್ಪು ಕಲ್ಪನೆ: ಇವು ಹಳೆಯ ಕಾಲದ ಒರಟು ಯಂತ್ರಗಳು.

ವಾಸ್ತವ: ಎಫ್ ಲೈನಿನ ದುಂಡುಮುಖದ ಗಾಡಿಗಳನ್ನು ಪಿಸಿಸಿ ಎನ್ನುತ್ತಾರೆ. ಕಾರುಗಳು ಪ್ರಯಾಣಿಕರನ್ನು ಸೆಳೆದುಕೊಳ್ಳುತ್ತಿದ್ದ 1929ರಲ್ಲಿ ಅಮೆರಿಕದ ಟ್ರಾಮ್ ಕಂಪನಿಗಳ ಅಧ್ಯಕ್ಷರು ಸೇರಿ ಒಂದು ಸಮಿತಿ ಮಾಡಿಕೊಂಡರು. ಆ ಸಮಿತಿಯ ಹೆಸರಿನ ಮೊದಲಕ್ಷರಗಳೇ ಪಿಸಿಸಿ. ಟ್ರಾಮ್ ಜಗತ್ತಿನ ಹೊರಗಿನವರಾದ ಸಿ. ಎಫ್. ಹರ್ಷ್‌ಫೆಲ್ಡ್ ಎಂಬ ಎಂಜಿನಿಯರ್ ಮುಂದಾಳತ್ವದಲ್ಲಿ ವರ್ಷಗಟ್ಟಲೆ ಪ್ರಯೋಗ ನಡೆಯಿತು. ನಿಂತ ಪ್ರಯಾಣಿಕ ಎಷ್ಟು ವೇಗದ ಏರಿಕೆಯನ್ನು ಬೀಳದೆ ತಾಳಿಕೊಳ್ಳಬಲ್ಲ, ಗಾಲಿಯ ಗದ್ದಲ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನೆಲ್ಲ ಅಳೆದು ನೋಡಿದರು. ಗಾಲಿಯ ಉಕ್ಕಿನ ನಡುವೆ ರಬ್ಬರ್ ಪದರ ಇಟ್ಟರು. ಕೈಹಿಡಿಯ ಬದಲು ಕಾರಿನಂತೆ ಪೆಡಲ್ ಬಂತು. ಮೋಟಾರಿಗೆ ಹೋಗುವ ವಿದ್ಯುತ್ತನ್ನು ಕೆಲವೇ ಜಗ್ಗುಗಳಲ್ಲಿ ಏರಿಸುವ ಬದಲು ನೂರರ ಹತ್ತಿರ ಸಣ್ಣ ಹೆಜ್ಜೆಗಳಲ್ಲಿ ಏರಿಸಿದರು. ಹೊರಟದ್ದೇ ಗೊತ್ತಾಗದಷ್ಟು ನಯ, ಅಂದಿನ ಕಾರುಗಳ ಜೊತೆಗೆ ಹೆಜ್ಜೆ ಹಾಕುವಷ್ಟು ಚುರುಕು. 1936ರಲ್ಲಿ ಬ್ರೂಕ್ಲಿನ್‌ನಲ್ಲಿ ಸೇವೆ ಶುರುವಾಯಿತು. ಉತ್ತರ ಅಮೆರಿಕಕ್ಕಾಗಿ ಸುಮಾರು 5,000 ತಯಾರಾದವು. ಪರವಾನಗಿ ಪಡೆದ ಜೆಕೊಸ್ಲೊವಾಕಿಯಾದ ಟಾಟ್ರಾ ಕಂಪನಿ ಇದೇ ತಂತ್ರಜ್ಞಾನದ ಮೇಲೆ ಕಟ್ಟಿದ ಟಿ3 ಗಾಡಿಗಳ ಸಂಖ್ಯೆ 14,000ದ ಹತ್ತಿರ ಹೋಯಿತು.

ಸಾನ್ ಫ್ರಾನ್ಸಿಸ್ಕೊಗೆ ಇದು ತಡವಾಗಿ ಬಂದದ್ದಕ್ಕೂ ಒಂದು ಕಾರಣವಿದೆ. ಪೇಟೆಂಟಿಗೆ ರಾಯಧನ ಕೊಡುವುದನ್ನು ಆ ನಗರದ ಚಾರ್ಟರ್ ನಿಷೇಧಿಸಿತ್ತು. ಹಾಗಾಗಿ 1939ರಲ್ಲಿ ಪಿಸಿಸಿ ಎಂದು ಕರೆಯದೆ, ಪಿಸಿಸಿಯಂತೆಯೇ ಇದ್ದ ಐದು ಗಾಡಿ ತರಿಸಿದರು. ಅವುಗಳ ನಯವಾದ ಓಟಕ್ಕೆ ಮಾರುಹೋದ ಜನ ಅವನ್ನು ‘ಮ್ಯಾಜಿಕ್ ಕಾರ್ಪೆಟ್’ ಎಂದು ಕರೆದರು. ನಿಜವಾದ ಪಿಸಿಸಿ ಬಂದದ್ದು 1948ರಲ್ಲಿ. ಉತ್ತರ ಅಮೆರಿಕಕ್ಕಾಗಿ ತಯಾರಾದ ಕಟ್ಟಕಡೆಯ ಪಿಸಿಸಿ ಕೂಡ ಈ ಊರಿನದೇ. ಸೇಂಟ್ ಲೂಯಿ ಕಾರ್ ಕಂಪನಿ 1952ರಲ್ಲಿ ಒಪ್ಪಿಸಿದ 1040 ನಂಬರಿನ ಆ ಗಾಡಿ ಇನ್ನೂ ಇದೆ.

ತಪ್ಪು ಕಲ್ಪನೆ: ಇವು ಪ್ರವಾಸಿಗರ ಆಟಿಕೆ.

ವಾಸ್ತವ: ಕೇಬಲ್ ಕಾರಿಗೆ ದುಬಾರಿ ಪ್ರತ್ಯೇಕ ಟಿಕೆಟ್. ಎಫ್ ಲೈನಿಗೆ ಹಾಗಿಲ್ಲ, ಊರಿನ ಬಸ್ಸಿನ ದರವೇ ಇಲ್ಲಿಯೂ. ಕೋವಿಡ್‌ಗೆ ಮುಂಚೆ ದಿನಕ್ಕೆ 20,000ಕ್ಕೂ ಹೆಚ್ಚು ಜನ ಹತ್ತಿಳಿಯುತ್ತಿದ್ದರು. ಕಡಲಂಚಿನಲ್ಲಿ ಪ್ರವಾಸಿಗರು ಹೆಚ್ಚು ಕಾಣುತ್ತಾರೆ, ನಿಜ. ಮಾರ್ಕೆಟ್ ಸ್ಟ್ರೀಟಿನ ಮೇಲ್ಭಾಗದಲ್ಲಿ ಹತ್ತುವವರು ತರಕಾರಿ ಚೀಲ ಹಿಡಿದವರು, ಕೆಲಸಕ್ಕೆ ಹೊರಟವರು, ಸುರಂಗ ನಿಲ್ದಾಣದ ಮೆಟ್ಟಿಲು ಇಳಿಯಲಾಗದ ವಯಸ್ಸಾದವರು.

ತಪ್ಪು ಕಲ್ಪನೆ: ಹಳೆಯ ಗಾಡಿ ಅಂದರೆ ಹೊಗೆ, ಮಾಲಿನ್ಯ.

ವಾಸ್ತವ: ಇವುಗಳಲ್ಲಿ ಹೊಗೆ ಉಗುಳುವ ಯಾವುದೂ ಇಲ್ಲ. ತಂತಿಯಲ್ಲಿ ಬರುವುದು ನಗರಕ್ಕೇ ಸೇರಿದ ಹೆಚ್ ಹೆಚಿ ಜಲವಿದ್ಯುತ್ ಯೋಜನೆಯ ಕರೆಂಟು. ಆ ಯೋಜನೆಯನ್ನು ಕಟ್ಟಿಸಿದವರು ಎಂ. ಎಂ. ಓಶಾಗ್ನೆಸಿ. ಟ್ವಿನ್ ಪೀಕ್ಸ್ ಸುರಂಗ ಕೊರೆಸಿದ ನಗರ ಎಂಜಿನಿಯರೂ ಅವರೇ. ಟ್ರಾಮಿನ ದಾರಿಯನ್ನೂ ಅದು ಓಡುವ ವಿದ್ಯುತ್ತನ್ನೂ ಒಬ್ಬರೇ ಒದಗಿಸಿದರು ಎಂದರೆ ಉತ್ಪ್ರೇಕ್ಷೆಯಾಗದು. ಆ ಅಣೆಕಟ್ಟೆಗಾಗಿ ಯೊಸೆಮಿಟಿಯ ಒಂದು ಸುಂದರ ಕಣಿವೆ ನೀರಿನಲ್ಲಿ ಮುಳುಗಿತು ಎಂಬುದನ್ನೂ ಇಲ್ಲಿಯೇ ಹೇಳಬೇಕು. ಆ ನೋವಿನ ಚರ್ಚೆ ಅಲ್ಲಿ ಇನ್ನೂ ಮುಗಿದಿಲ್ಲ.

ತಪ್ಪು ಕಲ್ಪನೆ: ಪರಂಪರೆಯ ಬೆಲೆ ತಿಳಿದ ಸರ್ಕಾರ ಇವನ್ನು ಕಾಪಾಡಿಕೊಂಡು ಬಂತು.

ವಾಸ್ತವ: ಬಿಟ್ಟಿದ್ದರೆ 1982ಕ್ಕೇ ಕತೆ ಮುಗಿಯುತ್ತಿತ್ತು. ಆ ಹೊತ್ತಿಗೆ ಐದೂ ಮಾರ್ಗಗಳು ಹೊಸ ಗಾಡಿಗಳೊಂದಿಗೆ ಮಾರ್ಕೆಟ್ ಸ್ಟ್ರೀಟಿನ ಅಡಿಯ ಸುರಂಗಕ್ಕೆ ಇಳಿದಿದ್ದವು. ಸೆಪ್ಟೆಂಬರಿನಲ್ಲಿ ಕೊನೆಯ ಪಿಸಿಸಿಗಳು ಸೇವೆಯಿಂದ ಹೊರಬಿದ್ದವು. ರಸ್ತೆಯ ಮೇಲಿನ ಹಳಿ ಖಾಲಿಯಾಯಿತು. ಅದೇ ತಿಂಗಳು ಕೇಬಲ್ ಕಾರುಗಳೂ ನಿಂತವು. ಇಡೀ ವ್ಯವಸ್ಥೆಯನ್ನು ಬಿಚ್ಚಿ ಹೊಸದಾಗಿ ಕಟ್ಟಲು 1984ರ ಜೂನ್‌ವರೆಗೆ ಹಿಡಿಯಿತು. ಊರಿನ ಹೆಗ್ಗುರುತೇ ಇಲ್ಲವಾದರೆ ಪ್ರವಾಸಿಗರು ಬಂದಾರೆಯೇ ಎಂದು ವ್ಯಾಪಾರಿಗಳಿಗೆ ಚಿಂತೆ ಹತ್ತಿತು.

ಆಗ ಮುಂದೆ ಬಂದವರು ಟ್ರಾಮ್ ಪ್ರಿಯರು. ವಾಣಿಜ್ಯ ಮಂಡಳಿಯ ಪರವಾಗಿ ರಿಕ್ ಲಾಬ್ಷರ್ ಓಡಾಡಿದರು, ಮೇಯರ್ ಡಯಾನ್ ಫೈನ್‌ಸ್ಟೀನ್ ಬೆಂಬಲ ಕೊಟ್ಟರು. ಖಾಲಿ ಬಿದ್ದ ಹಳಿಯ ಮೇಲೆ 1983ರ ಬೇಸಿಗೆಯಲ್ಲಿ ಹಳೆಯ ಟ್ರಾಮುಗಳ ಉತ್ಸವ ನಡೆಯಿತು. ಮಾರಿಸ್ ಕ್ಲೆಬೋಲ್ಟ್ ಎಂಬ ಟ್ರಾವೆಲ್ ಏಜೆಂಟ್ ದೇಶವಿದೇಶಗಳಿಂದ ಗಾಡಿ ತರಿಸಲು ಹಟ ಹಿಡಿದವರು. 1978ರಲ್ಲಿ ಟ್ರಾಮ್ ನಿಲ್ಲಿಸಿದ ಹ್ಯಾಂಬರ್ಗ್ ನಗರದಿಂದ ಒಂದು ಗಾಡಿ ಪಡೆದು, ಅದನ್ನು ಲಾರಿಯ ಮೇಲೆ ನಗರಸಭೆಯ ಮುಂದೆಯೇ ತಂದು ನಿಲ್ಲಿಸಿ ಮೇಯರಿಗೆ ಒಪ್ಪಿಸಿದರು ಎಂಬ ಕತೆಯನ್ನು ಅಲ್ಲಿಯ ಟ್ರಾಮ್ ಪ್ರಿಯರು ಇವತ್ತಿಗೂ ಅಕ್ಕರೆಯಿಂದ ಹೇಳುತ್ತಾರೆ. ಒಂದು ಬೇಸಿಗೆಗೆಂದು ಮಾಡಿದ ಉತ್ಸವ 1987ರವರೆಗೂ ನಡೆಯಿತು. ಕೇಬಲ್ ಕಾರ್ ಮರಳಿ ಬಂದ ಮೇಲೂ ಜನ ಟ್ರಾಮ್ ಬೇಕೆಂದರು. ಕಾಯಂ ಮಾರ್ಗಕ್ಕೆ ನಾಂದಿ ಹಾಡಿದ್ದು ಆ ಒತ್ತಾಯ.

ಕಡಲಂಚಿನ ಭಾಗಕ್ಕೆ ದಾರಿ ಮಾಡಿಕೊಟ್ಟದ್ದು ಮಾತ್ರ ಭೂಕಂಪ. ಎಂಬಾರ್ಕಡೆರೊ ಎಂಬ ಆ ದಂಡೆಯುದ್ದಕ್ಕೂ ಎರಡು ಅಂತಸ್ತಿನ ಕಾಂಕ್ರೀಟ್ ಹೆದ್ದಾರಿ ಕಡಲನ್ನೇ ಮರೆಮಾಡಿ ನಿಂತಿತ್ತು. ಅದನ್ನು ಕೆಡವುವ ಯೋಜನೆಯನ್ನು 1986ರಲ್ಲಿ ಮತದಾರರೇ ತಿರಸ್ಕರಿಸಿದ್ದರು. 1989ರ ಅಕ್ಟೋಬರ್ 17ರ ಭೂಕಂಪದಲ್ಲಿ ಅದು ಬಿರುಕು ಬಿಟ್ಟಿತು, 1991ರಲ್ಲಿ ಕೆಡವಿದರು. ತೆರವಾದ ಜಾಗದಲ್ಲಿ ತಾಳೆಮರಗಳ ಸಾಲು ಬಂತು, ನಡುವೆ ಹಳಿ ಬಂತು. 2000ದ ಮಾರ್ಚಿನಲ್ಲಿ ಎಫ್ ಲೈನ್ ಫಿಶರ್ಮನ್ಸ್ ವಾರ್ಫ್ ತಲುಪಿತು.

ಇಲ್ಲಿ ಇನ್ನೊಂದು ಸಣ್ಣ ಗೊಂದಲವನ್ನೂ ಬಿಡಿಸಬೇಕು. ಈ ಗಾಡಿಗಳ ಪರವಾಗಿ ದುಡಿಯುವ ಸ್ವಯಂಸೇವಾ ಸಂಸ್ಥೆಯ ಹೆಸರೂ ಮಾರ್ಕೆಟ್ ಸ್ಟ್ರೀಟ್ ರೈಲ್ವೆ. 1944ರಲ್ಲಿ ಕಣ್ಮರೆಯಾದ ಖಾಸಗಿ ಕಂಪನಿಯ ಹೆಸರನ್ನು 1976ರಲ್ಲಿ ಹುಟ್ಟಿದ ಈ ಸಂಸ್ಥೆ ಇಟ್ಟುಕೊಂಡಿತು, ಅಷ್ಟೆ. ಗಾಡಿ ಓಡಿಸುವುದು ನಗರದ ಸಾರಿಗೆ ಇಲಾಖೆ. ಗಾಡಿ ಹುಡುಕುವುದು, ಹಣ ಕೂಡಿಸುವುದು, ಚರಿತ್ರೆ ಕಾಪಿಡುವುದು ಈ ಸಂಸ್ಥೆಯ ಕೆಲಸ. 2006ರಲ್ಲಿ ಫೆರ್ರಿ ಬಿಲ್ಡಿಂಗ್ ಎದುರಿನ ನಿಲ್ದಾಣದ ಬಳಿ ಒಂದು ಪುಟ್ಟ ಮ್ಯೂಸಿಯಮ್ಮನ್ನೂ ತೆರೆದರು. ಹೋದವರು ಅಲ್ಲಿ ಅರ್ಧ ಗಂಟೆ ಕಳೆಯಬೇಕೆಂದು ನನ್ನ ಕೋರಿಕೆ.

ತಪ್ಪು ಕಲ್ಪನೆ: ಇವು ಕಾರ್ಖಾನೆಯಿಂದ ಬಂದಾಗ ಹೇಗಿದ್ದವೋ ಇವತ್ತೂ ಹಾಗೆಯೇ ಇವೆ.

ವಾಸ್ತವ: ಹಾಗೇ ಬಿಟ್ಟಿದ್ದರೆ ಒಂದು ದಿನವೂ ಓಡುತ್ತಿರಲಿಲ್ಲ. ಫಿಲಡೆಲ್ಫಿಯಾದ ಹಳಿಗಳ ಅಂತರ ಸಾನ್ ಫ್ರಾನ್ಸಿಸ್ಕೊದಕ್ಕಿಂತ ಅಗಲ. ಗಾಲಿಗಳ ಅಂತರ ಸರಿಪಡಿಸದೆ ಆ ಗಾಡಿಯನ್ನು ಇಲ್ಲಿಯ ಹಳಿಯ ಮೇಲೆ ಇಡಲೇ ಆಗದು. ಮಿಲಾನಿನ ಹಳಿಯಂತರ 1,445 ಮಿ.ಮೀ., ಸಾನ್ ಫ್ರಾನ್ಸಿಸ್ಕೊದ್ದು 1,435. ಹತ್ತು ಮಿಲಿಮೀಟರ್ ಅಂದರೆ ಹಳಿಯ ಲೋಕದಲ್ಲಿ ಸಣ್ಣ ವ್ಯತ್ಯಾಸವಲ್ಲ. ಪಿಸಿಸಿಗಳನ್ನು ಪುನರ್ನಿರ್ಮಾಣಕ್ಕೆ ಕಳಿಸಿದಾಗ ತುಕ್ಕು ಹಿಡಿದ ತಗಡು ಕಿತ್ತು ಹೊಸದು ಹಾಕಿದ್ದಾರೆ, ವೈರಿಂಗ್ ಪೂರ್ತಿ ಬದಲಿಸಿದ್ದಾರೆ. ಗಾಲಿಕುರ್ಚಿಯಲ್ಲಿ ಬರುವವರಿಗಾಗಿ ಹಲವು ನಿಲ್ದಾಣಗಳಲ್ಲಿ ಇಳಿಜಾರು ವೇದಿಕೆ ಕಟ್ಟಿದ್ದಾರೆ. ಇದರಿಂದ ಗಾಡಿಯ ಅಸಲಿತನ ಕೆಟ್ಟಿತು ಎಂದು ಕೊರಗುವವರಿದ್ದಾರೆ. ನಾನು ಒಪ್ಪುವುದಿಲ್ಲ. 1914ರಲ್ಲಿ ಮೆಟ್ಟಿಲೇರಲಾಗದವರನ್ನು ರಸ್ತೆಯಲ್ಲೇ ಬಿಟ್ಟುಹೋದ ಗಾಡಿ ಇವತ್ತು ಅವರನ್ನೂ ಹತ್ತಿಸಿಕೊಳ್ಳುತ್ತದೆ ಎಂದರೆ ಅದು ಊರಿನ ಸಾರಿಗೆ ಎಂಬ ಹೆಸರಿಗೆ ಹೆಚ್ಚು ತಕ್ಕದ್ದಾಗಿದೆ.

ತಪ್ಪು ಕಲ್ಪನೆ: ಒಮ್ಮೆ ದುರಸ್ತಿಯಾದ ಮೇಲೆ ಇವಕ್ಕೆ ಇನ್ನು ಭಯವಿಲ್ಲ.

ವಾಸ್ತವ: 2020ರ ಮಾರ್ಚಿನಲ್ಲಿ ಕೋವಿಡ್ ಬಂದಾಗ ಎಫ್ ಲೈನ್ ನಿಂತಿತು. ಮತ್ತೆ ಶುರುವಾದದ್ದು 2021ರ ಮೇ ತಿಂಗಳಲ್ಲಿ, ವ್ಯಾಪಾರಿಗಳೂ ಟ್ರಾಮ್ ಪ್ರಿಯರೂ ಬಿಡದೆ ಕೇಳಿದ ಮೇಲೆ. ಅದರ ಜೊತೆಗಾರ ಮಾರ್ಗ ಒಂದಿತ್ತು, ಇ ಲೈನ್. ಎರಡೂ ತುದಿಯಿಂದ ಓಡಿಸಬಹುದಾದ ಗಾಡಿಗಳನ್ನೇ ಬಳಸಿ, ಕಡಲಂಚಿನ ಉದ್ದಕ್ಕೂ ದಕ್ಷಿಣದ ರೈಲು ನಿಲ್ದಾಣದವರೆಗೆ ಹೋಗುತ್ತಿತ್ತು. 2015ರಲ್ಲಿ ಅದು ವಾರಾಂತ್ಯದ ಸೇವೆಯಾಗಿ ಕಾಯಂ ಆಯಿತು, ಮರುವರ್ಷ ದಿನವೂ ಓಡತೊಡಗಿತು. 2020ರಲ್ಲಿ ನಿಂತದ್ದು ಮತ್ತೆ ಹೊರಟಿಲ್ಲ. ಹಳಿ ಹಾಗೇ ಇದೆ, ತಂತಿ ಹಾಗೇ ಇದೆ. ಆ ಮಾರ್ಗಕ್ಕೆ ಬೇಕಾದ ಗಾಡಿಗಳೂ ಶೆಡ್ಡಿನಲ್ಲಿವೆ. ಅವನ್ನು ಮತ್ತೆ ಹೊರಡಿಸಿ ಎಂದು ಸ್ವಯಂಸೇವಕರು ಕೇಳುತ್ತಲೇ ಇದ್ದಾರೆ.